ಹೊಸ ಟೈರು ಮುಂದಕ್ಕೋ, ಹಿಂದಕ್ಕೋ?

ಮನೆಗೊಂದು ಕಾರು ಎಂಬುದು ನಮ್ಮ ಜಿಲ್ಲೆಯಲ್ಲಿಯೂ ಈಗ ಅಪರೂಪದ ಸಂಗತಿಯಾಗಿ ಉಳಿದಿಲ್ಲ. ಮದುವೆ, ಗೃಹಪ್ರವೇಶಗಳಿಗೆಂದು ಹೊಸದುರ್ಗದಿಂದ ಹಿರಿಯೂರಿಗೋ, ಹೊಳಲ್ಕೆರೆಯಿಂದ ಚಿತ್ರದುರ್ಗಕ್ಕೋ ಮಕ್ಕಳು ಮರಿಗಳೊಡನೆ ಹೊರಡುವ ಗೃಹಸ್ಥರು ಎಂಜಿನ್ನಿನ ಎಣ್ಣೆಯನ್ನು ನೋಡುತ್ತಾರೆ, ಗಾಜನ್ನು ಒರೆಸುತ್ತಾರೆ. ಟೈರಿನ ಕಡೆಗೆ ದೃಷ್ಟಿ ಹರಿಯುವುದು ಪಂಕ್ಚರ್ ಆದ ದಿನ ಮಾತ್ರ. ಆದರೆ ವಾಹನಕ್ಕೂ ನೆಲಕ್ಕೂ ಇರುವ ಸಂಬಂಧವೆಲ್ಲವೂ ಅಂಗೈಯಗಲದ ಆ ನಾಲ್ಕು ರಬ್ಬರಿನ ತುಣುಕುಗಳಲ್ಲಿಯೇ ಅಡಗಿದೆ.

1983ರಲ್ಲಿ ಮಾರುತಿ 800 ಬಂದಂದಿನಿಂದ ನಮ್ಮ ಸಣ್ಣ ಕಾರುಗಳಲ್ಲಿ ಬಹುಪಾಲಿನವು ಮುಂದಿನ ಚಕ್ರಗಳ ಬಲದಿಂದಲೇ ಚಲಿಸುತ್ತವೆ. ಎಳೆಯುವುದು, ತಿರುಗಿಸುವುದು, ಬ್ರೇಕಿನ ಹೆಚ್ಚಿನ ಭಾರವನ್ನು ಹೊರುವುದು, ಈ ಮೂರೂ ಮುಂದಿನ ಜೋಡಿಯ ಪಾಲಿಗೇ ಬರುವುದರಿಂದ ಅದು ಬೇಗ ಸವೆಯುತ್ತದೆ. ಆದಕಾರಣ ಎಂಟು ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಟೈರುಗಳ ಸ್ಥಾನವನ್ನು ಬದಲಿಸಬೇಕು. ಮುಂದಿನವು ತಮ್ಮ ತಮ್ಮ ಪಕ್ಕದಲ್ಲಿಯೇ ಹಿಂದಕ್ಕೆ ಹೋಗುತ್ತವೆ. ಹಿಂದಿನವು ಎಡಬಲ ಅದಲುಬದಲಾಗಿ ಮುಂದಕ್ಕೆ ಬರುತ್ತವೆ. ಹಳೆಯ ಅಂಬಾಸಿಡರಿನಂತೆ ಹಿಂದಿನ ಚಕ್ರಗಳಿಂದ ಓಡುವ ವಾಹನಗಳಿಗೆ ಇದರ ವಿರುದ್ಧ ಕ್ರಮ. ತಿರುಗುವ ದಿಕ್ಕನ್ನು ತೋರುವ ಬಾಣದ ಗುರುತಿರುವ ಟೈರುಗಳನ್ನು ಮಾತ್ರ ಪಕ್ಕ ಬದಲಿಸಬಾರದು.

ಇಷ್ಟನ್ನು ಮಾಡದಿದ್ದಾಗ ಮುಂದಿನೆರಡು ಪೂರ್ತಿ ಸವೆದು, ಎರಡೇ ಹೊಸ ಟೈರುಗಳನ್ನು ಕೊಳ್ಳುವ ಪ್ರಸಂಗ ಬರುತ್ತದೆ. ಸ್ಟಿಯರಿಂಗ್ ಇರುವುದು ಮುಂದೆ, ಆದ್ದರಿಂದ ಹೊಸವೂ ಮುಂದೆಯೇ ಇರಲಿ ಎಂಬುದು ಸಾಮಾನ್ಯ ನಂಬಿಕೆ. ಕೇಳಲು ಸಮಂಜಸವಾಗಿದ್ದರೂ ಇದು ಸರಿಯಲ್ಲ. ಹೆಚ್ಚು ಕಸುವುಳ್ಳ ಜೋಡಿ ಹಿಂದೆಯೇ ಇರಬೇಕೆಂದು ಮಿಶೆಲಿನ್ ಮೊದಲಾದ ಟೈರು ತಯಾರಕರು ಹೇಳುತ್ತಾರೆ.

ಕಾರಣವಿಷ್ಟೇ: ಟೈರು ತನ್ನ ಮೈಮೇಲಿನ ಕಾಲುವೆಗಳ ಮೂಲಕ ನೀರನ್ನು ಹೊರದೂಡಿ ನೆಲವನ್ನು ಹಿಡಿಯುತ್ತದೆ. ಕಾಲುವೆ ಸವೆದರೆ ವೇಗದಲ್ಲಿ ನೀರಿನ ಮೇಲೆ ತೇಲತೊಡಗುತ್ತದೆ. ಮುಂದಿನ ಜೋಡಿ ತೇಲಿದರೆ ಸ್ಟಿಯರಿಂಗ್ ಹಗುರವಾದಂತೆನಿಸಿ ಕಾರು ನೇರವಾಗಿ ಸಾಗುತ್ತದೆ. ಆಕ್ಸಿಲರೇಟರಿನಿಂದ ಮೆಲ್ಲನೆ ಕಾಲು ತೆಗೆದರೆ ವೇಗ ತಗ್ಗಿ ಹಿಡಿತ ಮರಳುವ ಸಂಭವವುಂಟು. ಹಿಂದಿನ ಜೋಡಿ ತೇಲಿದರೆ ಚಾಲಕನ ಕೈಗೆ ಯಾವ ಮುನ್ಸೂಚನೆಯೂ ಸಿಗುವುದಿಲ್ಲ. ತಿರುವಿನಲ್ಲಿ ಹಿಂಭಾಗವು ಹೊರಕ್ಕೆ ಜಾರಿ ವಾಹನ ಬುಗುರಿಯಂತೆ ತಿರುಗಿಬಿಡುತ್ತದೆ. ಗಾಬರಿಯಿಂದ ಬ್ರೇಕ್ ತುಳಿದರೆ ಭಾರವೆಲ್ಲ ಮುಂದಕ್ಕೆ ವಾಲಿ ಹಿಂಭಾಗ ಇನ್ನಷ್ಟು ಹಗುರವಾಗುತ್ತದೆ. ಮಕ್ಕಳು ಕುಳಿತಿರುವುದು ಸಾಮಾನ್ಯವಾಗಿ ಹಿಂದಿನ ಆಸನದಲ್ಲಿಯೇ ಅಲ್ಲವೇ?

ನಮ್ಮದು ಬರದ ಸೀಮೆ, ಮಳೆಯ ಚಿಂತೆ ನಮಗೇಕೆ ಎನ್ನುವವರಿದ್ದಾರೆ. 1933ರ ನಂತರ ತುಂಬಿರದ ವಾಣಿವಿಲಾಸ ಸಾಗರ 2022ರಲ್ಲಿ ಕೋಡಿ ಬಿದ್ದುದನ್ನು ಹಿರಿಯೂರಿನವರು ಮರೆತಿರಲಾರರು. ಅಪರೂಪಕ್ಕೆ ಬರುವ ಮಳೆಯೇ ಹೆಚ್ಚು ಅಪಾಯಕಾರಿ. ತಿಂಗಳುಗಟ್ಟಲೆ ಕೂಡಿದ ಧೂಳು, ಎಣ್ಣೆಗಳು ಮೊದಲ ಹನಿಗಳೊಡನೆ ಬೆರೆತು 48ನೆಯ ರಾಷ್ಟ್ರೀಯ ಹೆದ್ದಾರಿಯಂತಹ ವೇಗದ ರಸ್ತೆಯನ್ನೂ ನುಣುಪಾಗಿಸುತ್ತವೆ.

ಲಾರಿಯವರು ಒಳ್ಳೆಯ ಟೈರನ್ನು ಮುಂದೆ ಹಾಕಿ, ರೀಟ್ರೆಡ್ ಮಾಡಿಸಿದ್ದನ್ನು ಹಿಂದಿನ ಜೋಡಿಚಕ್ರಗಳಿಗೆ ಬಿಡುತ್ತಾರೆ. ಅವರ ಭಾರದ ಲೆಕ್ಕವೇ ಬೇರೆ. ಕಾರಿನವರು ಅದನ್ನು ಅನುಕರಿಸಬೇಕಿಲ್ಲ.

ಹಾಗಾದರೆ ಸ್ಥಾನ ಬದಲಿಸುವಾಗ ಹಿಂದಿನ ಒಳ್ಳೆಯ ಟೈರು ಮುಂದಕ್ಕೆ ಬರುತ್ತದಲ್ಲ ಎಂಬ ಪ್ರಶ್ನೆ ಸಹಜ. ಸವೆತದ ಅಂತರ ಅಲ್ಪವಾಗಿರುವಾಗಲೇ, ಕಾಲಕಾಲಕ್ಕೆ ಬದಲಿಸಿದರೆ ಬಾಧೆಯಿಲ್ಲ. ಅಂತರ ಬಹಳವಾಗಿದ್ದರೆ ಬದಲಿಸದಿರುವುದೇ ಲೇಸು. ಹೊಸ ಟೈರಿನ ಕಾಲುವೆ ಸುಮಾರು 8 ಮಿಲಿಮೀಟರ್ ಆಳವಿರುತ್ತದೆ. ಕಾರಿಗೆ ಕಾನೂನಿನ ಕನಿಷ್ಠ ಮಿತಿ 1.6. ಕಾಲುವೆಯೊಳಗಿನ ಸಣ್ಣ ದಿಬ್ಬಗಳು ಮೇಲ್ಮೈಗೆ ಸಮನಾದರೆ ಆ ಟೈರಿನ ಆಯುಷ್ಯ ಮುಗಿಯಿತೆಂದೇ ಅರ್ಥ. ಸ್ಥಾನ ಬದಲಿಸಿದ ಬಳಿಕ, ಟೈರು ತಣ್ಣಗಿರುವಾಗ, ಚಾಲಕನ ಬಾಗಿಲ ಬಳಿಯ ಪಟ್ಟಿಯಲ್ಲಿರುವಂತೆ ಗಾಳಿಯನ್ನು ಹೊಂದಿಸಿ, ಸ್ಟೆಪ್ನಿಯನ್ನೂ ಒಮ್ಮೆ ನೋಡಿಬಿಡಬೇಕು.