ಹೊಂಗೆ ನೆರಳಿನ ಅಡ್ಡರಸ್ತೆ

ಏಪ್ರಿಲ್ ಮೊದಲ ವಾರ, ಬೆಂಗಳೂರಿನ ಮಲ್ಲೇಶ್ವರದ ಒಂದು ಅಡ್ಡರಸ್ತೆ. ರಾತ್ರಿಯಿಡೀ ಉದುರಿದ ಹೊಂಗೆ ಹೂವು ಫುಟ್‌ಪಾತಿನ ಚಪ್ಪಡಿಗಳನ್ನು ಮುಚ್ಚಿದೆ. ಕೊಂಬೆಗಳಲ್ಲಿ ಜೇನ್ನೊಣಗಳ ಸದ್ದು. ಇಸ್ತ್ರಿ ಗಾಡಿ ಮರದ ಬುಡಕ್ಕೇ ಒತ್ತಿಕೊಂಡು ನಿಂತಿದೆ. ಸೊಪ್ಪಿನಾಕೆ ಬುಟ್ಟಿ ಇಳಿಸುವುದೂ ಅಲ್ಲೇ. ಬಿಸಿಲು ಏರಿದಂತೆ ಬುಟ್ಟಿ ನೆರಳಿನ ಹಿಂದೆ ಗೇಣು ಗೇಣಾಗಿ ಸರಿಯುತ್ತದೆ.

ಕೆರೆಯಲ್ಲಿ ಕೊಕ್ಕರೆ, ಕಪ್ಪೆ, ಏರೋಪ್ಲೇನ್ ಚಿಟ್ಟೆ ಎಲ್ಲವೂ ಆಳದ ನೀರು ಬಿಟ್ಟು ಅಂಚಿನ ಜೊಂಡಿನಲ್ಲಿ ಸೇರುವಂತೆ, ಬೀದಿಯ ಜೀವವೂ ಅಂಚಿನಲ್ಲೇ ಇದೆ. ಬೆನ್ನಿಗೆ ಆಸರೆಯಿದ್ದು, ತಲೆಯ ಮೇಲೆ ನೆರಳಿದ್ದು, ಹೋಗಿ ಬರುವವರು ಕಾಣುವ ಕಡೆ ಜನ ನಿಲ್ಲುತ್ತಾರೆ. ಒಂದು ಹಳೇ ಮನೆಗೆ ಎದೆಮಟ್ಟದ ಕಾಂಪೌಂಡು, ಕಂಬಿಯ ಗೇಟು, ಒಳಗೆ ಜಗಲಿ. ಗೇಟಿಗೆ ಬಂದ ಮನೆಯಾಕೆ "ದಂಟು ಎಳೇದಿದ್ಯೇನಮ್ಮಾ?" ಎಂದು ಶುರು ಮಾಡಿದ ಮಾತು ಸೊಪ್ಪಿನಾಕೆಯ ಮಗಳ ಬಾಣಂತನದವರೆಗೂ ಹೋಯಿತು. ಜಗಲಿಯಲ್ಲಿ ಪೇಪರ್ ಹಿಡಿದಿದ್ದ ಅಜ್ಜ ನಡುನಡುವೆ ಬಾಯಿ ಹಾಕುತ್ತಿದ್ದರು.

ಪಕ್ಕದ್ದು ನಾಲ್ಕಂತಸ್ತಿನ ಹೊಸ ಕಟ್ಟಡ. ನೆಲಮಟ್ಟದಲ್ಲಿ ಬರೀ ಕಾರುಗಳು, ಮುಂದೆ ಆಳೆತ್ತರದ ತಗಡಿನ ಗೇಟು. ಕಾರು ಹತ್ತಿಸಲು ಹಾಕಿದ ಇಳಿಜಾರು ಫುಟ್‌ಪಾತನ್ನು ನುಂಗಿದೆ. ಮರವಿದ್ದ ಪಾತಿಗೆ ಸಿಮೆಂಟು ಬಿದ್ದಿದೆ. ಜೊತೆಯಾಗಿ ಬರುವವರು ಇಲ್ಲಿ ರಸ್ತೆಗಿಳಿದು, ಒಬ್ಬರ ಹಿಂದೆ ಒಬ್ಬರಾಗಿ, ಮಾತು ನಿಲ್ಲಿಸಿ ದಾಟುತ್ತಾರೆ. ಕಳಚಿದ ಮಾತು ಎಷ್ಟೋ ಸಲ ಮತ್ತೆ ಕೂಡಿಕೊಳ್ಳುವುದೇ ಇಲ್ಲ. ನನಗೆ ಸಂಕಟವಾಗುವುದು ಇಲ್ಲೇ.

ನಗರ ವಿನ್ಯಾಸ ತಜ್ಞ ಡೊನಾಲ್ಡ್ ಆಪಲ್‌ಯಾರ್ಡ್ ವಾಹನಗಳು ಹೀಗೆ ನೆರೆಹೊರೆಯ ನಂಟನ್ನು ಕಳಚುವುದನ್ನು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಲೆಕ್ಕಹಾಕಿ ನೋಡಿದರು. 1960ರ ದಶಕದ ಕೊನೆಯಲ್ಲಿ ಅವರು ಆರಿಸಿಕೊಂಡ ಮೂರು ಬೀದಿಗಳು ನೋಡಲು ಒಂದೇ ಥರ, ವಾಹನಗಳ ಸಂಖ್ಯೆ ಮಾತ್ರ ಬೇರೆ. ದಿನಕ್ಕೆ ಸುಮಾರು 2,000 ವಾಹನ ಓಡುವ ಬೀದಿಯವರಿಗೆ ಅದೇ ಬೀದಿಯಲ್ಲಿ ಸರಾಸರಿ 3 ಸ್ನೇಹಿತರು, 6 ಪರಿಚಿತರು. 16,000 ಓಡುವಲ್ಲಿ ಸ್ನೇಹಿತರು ಒಬ್ಬರಿಗಿಂತ ಕಡಿಮೆ, ಪರಿಚಿತರು 3. 'ನಿಮ್ಮ ಜಾಗ ಯಾವುದು' ಎಂದು ಕೇಳಿದರೆ ಮೊದಲ ಬೀದಿಯವರು ನಕ್ಷೆಯಲ್ಲಿ ಬೀದಿಯನ್ನೂ ಸೇರಿಸಿಕೊಂಡರು. ಕೊನೆಯ ಬೀದಿಯವರು ತಮ್ಮ ಕಟ್ಟಡಕ್ಕೇ ನಿಂತರು. ಕೋಪನ್‌ಹೇಗನ್ನಿನಲ್ಲಿ 1962ರಲ್ಲಿ ಸ್ಟ್ರೋಯೆಟ್ ಬೀದಿಗೆ ಕಾರು ಬರುವುದನ್ನು ನಿಲ್ಲಿಸಿದ ಮೇಲೆ ವಾಸ್ತುಶಿಲ್ಪಿ ಯಾನ್ ಗೇಲ್ ಕೂಡ ಬೀದಿಯಲ್ಲಿ ಕೂತು, ಜನ ಎಲ್ಲಿ ನಿಲ್ಲುತ್ತಾರೆ ಎಂದು ಬರೆದುಕೊಂಡರು. ಅವರಿಗೆ ಕಂಡದ್ದೂ ಅಂಚೇ.

ಹಾಗೆಂದು ಮಲ್ಲೇಶ್ವರದ ಹಳೆಯ ವಿನ್ಯಾಸವನ್ನೆಲ್ಲ ಹೊಗಳಲಾರೆ. 1898ರ ಪ್ಲೇಗಿನ ನಂತರ ತುಂಬಿಕೊಂಡ ಈ ಬಡಾವಣೆಯ ಮನೆಗಳ ಹಿಂದೆ ಸಣ್ಣ ಓಣಿಗಳಿವೆ. ಮಲ ಹೊರುವವರು ಮುಂಬೀದಿಯಲ್ಲಿ ಕಾಣಿಸದೆ ಹಿತ್ತಿಲಿನಿಂದಲೇ ಬಂದು ಹೋಗಲೆಂದು ಬಿಟ್ಟ ಜಾಗ ಅದು. ಹರಟೆಗೆ ಜಗಲಿ ಕಟ್ಟಿದ ಕೈಗಳೇ ಆ ಜನರನ್ನು ಮಾತಿಗೂ ಸಿಗದಂತೆ ಹಿಂದಕ್ಕೆ ಕಳಿಸಿದ್ದವು. ಕೆಲವು ಓಣಿಗಳಿಗೆ ಈಗ ಬೀಗ ಬಿದ್ದಿದೆ. ನಾನು ಹೋದ ಓಣಿ ತೆರೆದಿತ್ತು, ಕಾರು ನುಗ್ಗದಷ್ಟು ಇಕ್ಕಟ್ಟು. ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಚೆಂಡು ಹಿತ್ತಿಲಿಗೆ ಬಿದ್ದಾಗಲೆಲ್ಲ ಒಬ್ಬಾಕೆ ಬೈಯುತ್ತಲೇ ಎಸೆದುಕೊಡುತ್ತಿದ್ದರು.