ಬರದ ಸೀಮೆಯಲ್ಲಿ ಮಿತವ್ಯಯ ಮತ್ತು ಮುಯ್ಯಿ

ಯುಗಾದಿಯ ದಿನ ನಮ್ಮ ಊರುಗಳಲ್ಲಿ ಪಂಚಾಂಗ ಕೇಳುವ ಪದ್ಧತಿ ಇದೆ. ಮಳೆ ಎಷ್ಟು, ಬೆಳೆ ಎಷ್ಟು, ಯಾವ ರಾಶಿಗೆ ಆಯ ಎಷ್ಟು, ವ್ಯಯ ಎಷ್ಟು ಎಂಬುದನ್ನು ಎಲ್ಲರೂ ಕಿವಿಗೊಟ್ಟು ಕೇಳುತ್ತೇವೆ. 'ಆಯ ಎರಡು, ವ್ಯಯ ಹನ್ನೊಂದು' ಎಂದು ಬಂದರೆ ಮುಖ ಸಪ್ಪಗಾಗುತ್ತದೆ. 'ಆಯ ಹದಿನಾಲ್ಕು' ಎಂದರೆ ಹಿಗ್ಗುತ್ತೇವೆ. ಆದರೆ ನಮ್ಮ ಮನೆಗೆ ಕಳೆದ ವರ್ಷ ನಿಜವಾಗಿ ಬಂದದ್ದೆಷ್ಟು, ಹೋದದ್ದೆಷ್ಟು ಎಂದು ಯಾರಾದರೂ ಕೇಳಿದರೆ ಬಹಳ ಮಂದಿ ತಲೆ ಕೆರೆದುಕೊಳ್ಳುತ್ತೇವೆ. ರಾಶಿಯ ಆಯವ್ಯಯವನ್ನು ಪಂಚಾಂಗದವರು ಬರೆಯುತ್ತಾರೆ. ಮನೆಯ ಆಯವ್ಯಯವನ್ನು ಮನೆಯವರೇ ಬರೆಯಬೇಕು. ಅದನ್ನು ಹೇಗೆ ಬರೆಯಬೇಕು, ಕಡಿಮೆ ಆದಾಯದಲ್ಲಿ ವರ್ಷವನ್ನು ಹೇಗೆ ದಾಟಬೇಕು, ನೆರೆಹೊರೆಯವರ ಕೈ ಅದಕ್ಕೆ ಹೇಗೆ ಆಸರೆಯಾಗುತ್ತದೆ ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ನಮ್ಮ ಸೀಮೆಯ ವರ್ಷ

ಕಲ್ಯಾಣದುರ್ಗವು ಅನಂತಪುರ ಜಿಲ್ಲೆಗೆ ಸೇರಿದೆ. 2022ರಲ್ಲಿ ಜಿಲ್ಲೆಯನ್ನು ವಿಭಾಗಿಸಿದಾಗ ಹಿಂದೂಪುರವು ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಆದರೆ ಮಳೆಯ ಲೆಕ್ಕದಲ್ಲಿ ಎರಡೂ ಒಂದೇ ಸೀಮೆ. ವರ್ಷಕ್ಕೆ ಸರಾಸರಿ ಸುಮಾರು 550 ಮಿಲಿಮೀಟರು ಮಳೆ. ಪಡುವಣದಿಂದ ಬರುವ ಮುಂಗಾರನ್ನು ಸಹ್ಯಾದ್ರಿ ತಡೆಯುತ್ತದೆ. ಮೂಡಣದ ಸಮುದ್ರ ದೂರವಿರುವುದರಿಂದ ಹಿಂಗಾರೂ ಇಲ್ಲಿಗೆ ಬರುವಷ್ಟರಲ್ಲಿ ಸೊರಗಿರುತ್ತದೆ. ಕೆಂಪು ನೆಲ ತೆಳುವಾದದ್ದು, ನೀರನ್ನು ಬಹಳ ದಿನ ಹಿಡಿದಿಟ್ಟುಕೊಳ್ಳುವುದಿಲ್ಲ. 1876–78ರ ಧಾತು–ಈಶ್ವರ ಸಂವತ್ಸರಗಳ ಮಹಾಕ್ಷಾಮವನ್ನು ಕಂಡ ನೆಲವಿದು.

ಇಂಥ ನೆಲದಲ್ಲಿ ಮಳೆಯಾಶ್ರಯದ ಕಡಲೆಕಾಯಿಯೇ ಹಲವು ಮನೆಗಳ ಮುಖ್ಯ ಬೆಳೆ. ಜೂನ್–ಜುಲೈ ತಿಂಗಳಲ್ಲಿ ಬಿತ್ತಿ ಅಕ್ಟೋಬರ್–ನವೆಂಬರಿನಲ್ಲಿ ಕೀಳುತ್ತೇವೆ. ಪಟ್ಟಣದ ನೌಕರನಿಗೆ ತಿಂಗಳಿಗೊಮ್ಮೆ ಸಂಬಳ. ಒಕ್ಕಲಿನವನಿಗೆ ವರ್ಷಕ್ಕೊಂದೇ ಸಂಬಳ. ಹಣ ಬರುವುದು ವರ್ಷದ ಕೊನೆಗೆ. ಖರ್ಚು ಅಷ್ಟು ದಿನ ಕಾಯುವುದಿಲ್ಲ. ಜೂನ್ ತಿಂಗಳನ್ನೇ ನೋಡಿ. ಬಿತ್ತನೆ ಬೀಜ ತರಬೇಕು, ಉಳುಮೆಗೆ ಕೊಡಬೇಕು. ಅದೇ ತಿಂಗಳು ಶಾಲೆ ತೆರೆಯುತ್ತದೆ, ಮಕ್ಕಳಿಗೆ ನೋಟುಪುಸ್ತಕ, ಚೀಲ, ಚಪ್ಪಲಿ ಬೇಕು. ಕೈ ಬರಿದಾಗಿರುವ ಹೊತ್ತಿಗೇ ಎರಡು ದೊಡ್ಡ ಖರ್ಚುಗಳು ಒಟ್ಟಿಗೆ ಬಂದು ಬಾಗಿಲು ತಟ್ಟುತ್ತವೆ. ಎಷ್ಟೋ ಮನೆಗಳ ಸಾಲ ಹುಟ್ಟುವುದು ಈ ತಿಂಗಳಲ್ಲಿ. 'ಈ ವರ್ಷ ಹುಡುಗಿ ಮನೆಯಲ್ಲಿರಲಿ, ಕಳೆ ಕೀಳುವುದಕ್ಕೆ ಆಗುತ್ತಾಳೆ' ಎಂಬ ಮಾತು ಹುಟ್ಟುವುದೂ ಈ ತಿಂಗಳಲ್ಲಿಯೇ. ಆದುದರಿಂದ ಆಯವ್ಯಯದ ಪಟ್ಟಿ ಒಂದು ಮಗುವಿನ ಓದಿಗೂ ಸಂಬಂಧಪಟ್ಟದ್ದು.

ಪಟ್ಟಿ ಬರೆಯುವ ಬಗೆ

ಲೆಕ್ಕಕ್ಕಾಗಿ ಐದು ಮಂದಿಯ ಒಂದು ಸಂಸಾರವನ್ನು ಊಹಿಸಿಕೊಳ್ಳೋಣ. ಬೆಳೆ ಮಾರಿ 50,000 ರೂಪಾಯಿ, ಕೂಲಿಯಿಂದ 48,000, ಹಾಲು ಮತ್ತು ಕುರಿಯಿಂದ 22,000. ಒಟ್ಟು ವರ್ಷಕ್ಕೆ 1,20,000 ರೂಪಾಯಿ. ಇದನ್ನು ಹನ್ನೆರಡರಿಂದ ಭಾಗಿಸಿ 'ತಿಂಗಳಿಗೆ ಹತ್ತು ಸಾವಿರ' ಎಂದು ಖರ್ಚು ಮಾಡುತ್ತ ಹೋದರೆ ಲೆಕ್ಕ ತಪ್ಪುತ್ತದೆ. ಮೊದಲು ಮುಂದಿನ ವರ್ಷದ ಬೆಳೆಯ ಖರ್ಚನ್ನು ತೆಗೆದಿಡಬೇಕು.

ಬೀಜ ಮತ್ತು ಉಳುಮೆಗೆ — 20,000
ಊಟಕ್ಕೆ, ತಿಂಗಳಿಗೆ 4,000ದಂತೆ — 48,000
ಶಾಲೆ ಮತ್ತು ಬಸ್ಸಿನ ಖರ್ಚಿಗೆ — 12,000
ಔಷಧಿಗೆ — 8,000
ದೀಪ, ಗ್ಯಾಸು, ಫೋನಿಗೆ — 12,000
ಬಟ್ಟೆ ಮತ್ತು ಹಬ್ಬಕ್ಕೆ — 10,000
ಮದುವೆ–ಮುಂಜಿಗಳ ಮುಯ್ಯಿಗೆ — 4,000
ಉಳಿತಾಯಕ್ಕೆ — 6,000

ಕೂಡಿಸಿ ನೋಡಿದರೆ ಸರಿಯಾಗಿ 1,20,000 ಆಗುತ್ತದೆ. ಪ್ರತಿ ಮನೆಯ ಅಂಕೆ ಬೇರೆ. ಕ್ರಮ ಮಾತ್ರ ಒಂದೇ. ಬೀಜದ ಹಣ ಮತ್ತು ಶಾಲೆಯ ಹಣ ಸುಗ್ಗಿಯಲ್ಲಿಯೇ ಬೇರೆ ಗಂಟಾಗಬೇಕು. ಕಡಲೆಕಾಯಿ ಮಾರಿದ ವಾರದಲ್ಲಿ ಹಣ ಹೇರಳವಾಗಿ ಕಾಣುತ್ತದೆ. ಆಗಲೇ ಹೊಸ ಫೋನು, ಆಗಲೇ ಅದ್ಧೂರಿ ಮದುವೆ ಮನಸ್ಸಿಗೆ ಬರುತ್ತವೆ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದು ಎಂದು ಹಿರಿಯರು ಹೇಳಿದ್ದು ಈ ವಾರವನ್ನು ನೋಡಿಯೇ ಇರಬೇಕು.

ಮಿತವ್ಯಯವೇ ಬೇರೆ, ಜಿಪುಣತನವೇ ಬೇರೆ

ಖರ್ಚು ಕಡಿಮೆ ಮಾಡುವುದೆಂದರೆ ಹೊಟ್ಟೆ ಕಟ್ಟುವುದಲ್ಲ. ಎಲ್ಲರಿಗೂ ಬಡಿಸಿ ಕೊನೆಗೆ ಉಳಿದದ್ದನ್ನು ತಾಯಿ ಉಣ್ಣುವುದು ಉಳಿತಾಯವಾಗುವುದಿಲ್ಲ. ಹೆಣ್ಣುಮಕ್ಕಳ ಹಾಲು ನಿಲ್ಲಿಸುವುದು, ಜ್ವರ ಬಂದಾಗ 'ತಾನೇ ಹೋಗುತ್ತದೆ' ಎಂದು ಕೂಡುವುದು ಇವೂ ಉಳಿತಾಯವಲ್ಲ. ಮುಂದೆ ಬಡ್ಡಿ ಸಹಿತ ತೀರಿಸಬೇಕಾದ ಸಾಲ.

ನಿಜವಾದ ಉಳಿತಾಯಕ್ಕೆ ನಮ್ಮ ಹಿರಿಯರ ಬಳಿ ಉಪಾಯಗಳಿದ್ದವು. ಮೊದಲನೆಯದು ಅಕ್ಕಡಿ ಸಾಲು. ಹೊಲವಿಡೀ ಒಂದೇ ಬೆಳೆ ಇಡದೆ, ನಡುನಡುವೆ ತೊಗರಿ, ಅಲಸಂದೆ, ಅವರೆ, ಜೋಳ, ಹರಳು ಬಿತ್ತುತ್ತಿದ್ದರು. ಕಡಲೆಕಾಯಿಗೆ ಮಳೆ ತಪ್ಪಿದರೂ, ತಡವಾಗಿ ಬಂದ ಮಳೆಗೆ ತೊಗರಿಯಾದರೂ ಕೈಗೆ ಹತ್ತುತ್ತಿತ್ತು. ಮನೆಗೆ ಬೇಕಾದ ಬೇಳೆಯನ್ನು ಅಂಗಡಿಯಿಂದ ತರುವ ಪ್ರಮೇಯ ಕಡಿಮೆಯಾಗುತ್ತಿತ್ತು. ಇಂದಿಗೂ ಅಕ್ಕಡಿ ಬಿಡದ ಹೊಲಗಳು ನಮ್ಮ ಕಡೆ ಇವೆ. ಹುಳು ಬೀಳದಂತೆ ತೊಗರಿಗೆ ಕೆಮ್ಮಣ್ಣು ಕಟ್ಟಿ ಒಣಗಿಸಿಡುವುದು, ಕಾಳಿನ ನಡುವೆ ಬೇವಿನ ಸೊಪ್ಪು ಹಾಕುವುದು ನಮ್ಮ ಅಜ್ಜಿಯರಿಗೆ ತಿಳಿದ ವಿದ್ಯೆ. ರಾಗಿ ಮುದ್ದೆ, ನವಣೆ ಅನ್ನ, ಹುರುಳಿ ಸಾರು ಬಡವರ ಊಟವೆಂದು ಒಂದು ಕಾಲದಲ್ಲಿ ಮೂಗು ಮುರಿದವರೂ ಉಂಟು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಆಚರಿಸಿದ ಮೇಲೆ ಅದೇ ನವಣೆಗೆ ಪಟ್ಟಣದಲ್ಲಿ ಗೌರವ ಬಂದಿದೆ.

ಎರಡನೆಯದು ಕಾಲವರಿತು ಕೊಳ್ಳುವುದು. ಹುಣಸೆಹಣ್ಣು, ಒಣಮೆಣಸಿನಕಾಯಿ ಬೇಸಿಗೆಯಲ್ಲಿ ಮಾರುಕಟ್ಟೆಗೆ ಹೊಸದಾಗಿ ಬರುತ್ತವೆ. ಹಿಂದೂಪುರ ಈ ಎರಡರ ವ್ಯಾಪಾರಕ್ಕೂ ಹೆಸರಾದ ಊರು. ವಾರವಾರ ಕಾಲು ಕಿಲೋ ತರುವುದಕ್ಕಿಂತ ಐದು ಮನೆಯವರು ಸೇರಿ ಒಟ್ಟಿಗೆ ತಂದು ಹಂಚಿಕೊಂಡರೆ ಬೆಲೆಯೂ ಇಳಿಯುತ್ತದೆ, ಬಸ್ಸಿನ ಖರ್ಚೂ ಒಬ್ಬರದೇ ಆಗುತ್ತದೆ. ಇಲ್ಲಿಂದಲೇ ಮಿತವ್ಯಯವು ಒಂದು ಮನೆಯ ಹೊಸ್ತಿಲು ದಾಟಿ ನೆರೆಮನೆಗೆ ಹೋಗುತ್ತದೆ.

ಮುಯ್ಯಿ ಎಂಬ ಹಳೆಯ ಬ್ಯಾಂಕು

ಕನ್ನಡದಲ್ಲಿ 'ಮುಯ್ಯಿ' ಎಂಬ ಒಂದು ಒಳ್ಳೆಯ ಮಾತಿದೆ. ಪಡೆದದ್ದಕ್ಕೆ ಪ್ರತಿಯಾಗಿ ಕೊಡುವುದು ಮುಯ್ಯಿ. ಇಂದು ನಿಮ್ಮ ಹೊಲಕ್ಕೆ ನಾವು ಬರುತ್ತೇವೆ, ನಾಡಿದ್ದು ನಮ್ಮ ಹೊಲಕ್ಕೆ ನೀವು ಬನ್ನಿ ಎಂಬುದು ಮುಯ್ಯಾಳು. ಮದುವೆಯಲ್ಲಿ ಬರೆಸುವ ಹಣವೂ ಮುಯ್ಯಿಯೇ. ನಮ್ಮ ನೆರೆಯ ತೆಲುಗಿನವರು ಇದನ್ನು 'ಚದಿವಿಂಪುಲು' ಎನ್ನುತ್ತಾರೆ. ಚಪ್ಪರದ ಮೂಲೆಯಲ್ಲಿ ಅಕ್ಷರ ಬಲ್ಲವರೊಬ್ಬರು ಪುಸ್ತಕ ಹಿಡಿದು ಕೂತು, ಯಾರು ಎಷ್ಟು ಕೊಟ್ಟರೆಂದು ಬರೆದಿಡುವುದನ್ನು ನೀವೆಲ್ಲ ನೋಡಿದ್ದೀರಿ. ಆ ಪುಸ್ತಕವನ್ನು ಜೋಪಾನವಾಗಿ ಇಟ್ಟು, ಅವರ ಮನೆಯ ಶುಭಕಾರ್ಯಕ್ಕೆ ಅಷ್ಟನ್ನೋ ಇನ್ನೂ ಸ್ವಲ್ಪ ಹೆಚ್ಚನ್ನೋ ಹಿಂತಿರುಗಿಸುತ್ತಾರೆ. ಬಡ್ಡಿಯಿಲ್ಲದ ಸಾಲ, ಪತ್ರವಿಲ್ಲದ ನಂಬಿಕೆ!

ಮುಯ್ಯಾಳಿನ ಲೆಕ್ಕವನ್ನು ಸ್ವಲ್ಪ ನೋಡೋಣ. ನಾಲ್ಕು ಮನೆಗಳಿಂದ ಇಬ್ಬಿಬ್ಬರು ಸೇರಿದರೆ ಎಂಟು ಮಂದಿ. ಒಂದು ಮನೆಯ ಹೊಲದಲ್ಲಿ ಎರಡು ದಿನ ಕಳೆ ತೆಗೆದರೆ ಹದಿನಾರು ಆಳಿನ ಕೆಲಸ. ಅದರಲ್ಲಿ ಮನೆಯವರದು ನಾಲ್ಕು ಆಳು, ಹೊರಗಿನವರದು ಹನ್ನೆರಡು. ಆಳಿಗೆ 300 ರೂಪಾಯಿ ಕೂಲಿ ಎಂದಿಟ್ಟುಕೊಂಡರೆ 3,600 ರೂಪಾಯಿ ಕೈಯಿಂದ ಹೋಗಲಿಲ್ಲ. ಆ ಮನೆಯವರೂ ಉಳಿದ ಮೂರು ಹೊಲಗಳಲ್ಲಿ ಹನ್ನೆರಡು ಆಳಿನ ಕೆಲಸ ಮಾಡಿಕೊಟ್ಟು ಋಣ ತೀರಿಸುತ್ತಾರೆ. ಹಾಗಾದರೆ ಲಾಭವೇನು? ಹಣವಿಲ್ಲದ ತಿಂಗಳಲ್ಲಿ ಹಣಕ್ಕಾಗಿ ಸಾಲದ ಬಾಗಿಲಿಗೆ ಹೋಗುವುದು ತಪ್ಪಿತು. ಮಳೆ ಬಿದ್ದ ಮೇಲೆ ನೆಲದ ಹಸಿ ಆರುವ ಮೊದಲೇ ಕೆಲಸವೂ ಮುಗಿಯಿತು. ಲಾಭವೆಂದರೆ ಇದೇ.

ಕುರಿಯನ್ನು ಪಾಲಿಗೆ ಸಾಕಲು ಕೊಡುವುದೂ ಇದೇ ಜಾತಿಯ ವ್ಯವಹಾರ. ಕುರಿ ಒಬ್ಬರದು, ಮೇಯಿಸುವ ಶ್ರಮ ಇನ್ನೊಬ್ಬರದು, ಮರಿಗಳಲ್ಲಿ ಇಬ್ಬರಿಗೂ ಪಾಲು. ಇವುಗಳಲ್ಲಿ ಯಾವುದೂ ದಾನವಲ್ಲ ಎಂಬುದನ್ನು ಗಮನಿಸಬೇಕು. ದಾನ ಪಡೆದವನು ತಲೆ ತಗ್ಗಿಸುತ್ತಾನೆ. ಮುಯ್ಯಿ ಪಡೆದವನು ಸರಿಸಮನಾಗಿ ನಿಲ್ಲುತ್ತಾನೆ. ಪಡೆದದ್ದನ್ನು ಮರೆಯಬಾರದು ಎಂಬುದೊಂದೇ ಅಲ್ಲಿಯ ಕಟ್ಟಳೆ. ಮರೆತವನ ಹೊಲಕ್ಕೆ ಮರುವರ್ಷ ಯಾರೂ ಬರುವುದಿಲ್ಲ.

ಊರಿಗೇ ಕಷ್ಟ ಬಂದರೆ?

ಆದರೆ ಮುಯ್ಯಿಗೂ ಒಂದು ಮಿತಿ ಇದೆ. ಒಂದು ಮನೆಗೆ ಕಷ್ಟ ಬಂದರೆ ಒಂಬತ್ತು ಮನೆಗಳು ಕೈ ಹಿಡಿಯುತ್ತವೆ. ಬರವೆಂಬುದು ಹತ್ತೂ ಮನೆಗಳಿಗೆ ಒಂದೇ ದಿನ ಬರುತ್ತದೆ. ಆಗ ಕೊಡುವವರು ಯಾರು? ಆಗಲೇ ಸಾಹುಕಾರನ ಬಾಗಿಲು ಕಾಣುವುದು. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ ಎಂದರೆ ಕೇಳಲು ಸಣ್ಣದು; ವರ್ಷಕ್ಕೆ ನೂರಕ್ಕೆ ಮೂವತ್ತಾರು! ಜೂನಿನಲ್ಲಿ ತಂದ 10,000ಕ್ಕೆ ಆರು ತಿಂಗಳಲ್ಲಿ 1,800 ಬಡ್ಡಿ.

ಈ ಕಷ್ಟಕ್ಕೆ ಊರಿನ ಆಚೆಗೂ ಕೈ ಚಾಚುವ ಸಂಘಗಳು ಬೇಕಾದವು. ಭಾರತದಲ್ಲಿ ಸಹಕಾರಿ ಸಾಲ ಸಂಘಗಳ ಕಾನೂನು ಬಂದದ್ದು 1904ರಲ್ಲಿ. ಮರುವರ್ಷವೇ, ಅಂದರೆ 1905ರಲ್ಲಿ, ಗದಗಿನ ಹತ್ತಿರದ ಕಣಗಿನಹಾಳ ಎಂಬ ಹಳ್ಳಿಯಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಸಹಕಾರಿ ಸಂಘವನ್ನು ಕಟ್ಟಿದರು. ದೇಶದ ಸಹಕಾರ ಚಳವಳಿಯ ಮೊದಲ ಹೆಜ್ಜೆಗಳಲ್ಲಿ ಅದೊಂದು. ಕನ್ನಡದ ಒಂದು ಸಣ್ಣ ಹಳ್ಳಿ ಇದನ್ನು ಮಾಡಿತೆಂಬುದು ನಮಗೆಲ್ಲ ಹೆಮ್ಮೆ.

ಮಹಿಳೆಯರ ಸಂಘಗಳದು ಆಮೇಲಿನ ಕಥೆ. 1980ರ ದಶಕದಲ್ಲಿ ಕರ್ನಾಟಕದ ಹಳ್ಳಿಗಳಲ್ಲಿ ಮೈರಾಡ ಸಂಸ್ಥೆಯವರು ಸ್ವಸಹಾಯ ಗುಂಪುಗಳನ್ನು ಬೆಳೆಸಿದರು. 1992ರಲ್ಲಿ ನಬಾರ್ಡ್ ಇಂಥ ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಕೆಲಸವನ್ನು ಆರಂಭಿಸಿತು. ಆಂಧ್ರದಲ್ಲಿ ದಿನಕ್ಕೊಂದು ರೂಪಾಯಿ ಉಳಿಸುವ 'ಪೊದುಪು' ಸಂಘಗಳು ಹಬ್ಬಿದವು. 2000ದಲ್ಲಿ ಆರಂಭವಾದ 'ವೆಲುಗು' ಯೋಜನೆಯ ಮೊದಲ ಜಿಲ್ಲೆಗಳಲ್ಲಿ ನಮ್ಮ ಅನಂತಪುರವೂ ಒಂದು. ಇಂದು ನಮ್ಮ ಹಳ್ಳಿಗಳಲ್ಲಿ ಸಂಘದ ಹೆಸರು ಕೇಳದ ಮನೆಯಿಲ್ಲ.

ಸಂಘದ ಶಕ್ತಿ ಎಲ್ಲಿದೆ? ಹನ್ನೆರಡು ಮಂದಿ ತಿಂಗಳಿಗೆ ನೂರು ರೂಪಾಯಿಯಂತೆ ಹಾಕಿದರೆ ವರ್ಷಕ್ಕೆ 14,400. ಅದೇ ಹಣದಿಂದ ನೂರಕ್ಕೆ ಒಂದು ರೂಪಾಯಿ ಬಡ್ಡಿಯಲ್ಲಿ 10,000 ಪಡೆದರೆ ಆರು ತಿಂಗಳಿಗೆ 600 ಮಾತ್ರ. ಆ 600 ಕೂಡ ಸಂಘದ ಪೆಟ್ಟಿಗೆಗೇ ಬರುತ್ತದೆ, ಅಂದರೆ ನಮ್ಮದೇ ಆಗಿ ಉಳಿಯುತ್ತದೆ. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ. ಊರಿನ ಹಣ ಸಾಲದಿದ್ದಾಗ ಬ್ಯಾಂಕಿನ ಹಣ ಬರಲು ದಾರಿಯೂ ಇರುತ್ತದೆ. ಬರದ ವರ್ಷದಲ್ಲಿ ಸರಕಾರದ ಪಾಲೂ ಇದೆ. ಬಡವರಿಗೆ ಕೆಲಸದ ಭರವಸೆ ಕೊಟ್ಟ ರಾಷ್ಟ್ರೀಯ ಉದ್ಯೋಗ ಖಾತರಿ ಯೋಜನೆಯನ್ನು 2006ರ ಫೆಬ್ರವರಿ 2ರಂದು ದೇಶಕ್ಕೆಲ್ಲ ಆರಂಭಿಸಿದ್ದು ಈ ಜಿಲ್ಲೆಯ ಬಂಡ್ಲಪಲ್ಲಿಯಲ್ಲಿ.

ಒಂದು ಎಚ್ಚರಿಕೆಯ ಮಾತು. ಸುಲಭವಾಗಿ ಸಿಗುವ ಸಾಲವೆಲ್ಲ ಸಹಾಯವಲ್ಲ. ಒಂದು ಕಂಪನಿಯ ಕಂತು ಕಟ್ಟಲು ಇನ್ನೊಂದು ಕಂಪನಿಯ ಸಾಲ ಪಡೆದು ಅನೇಕ ಮನೆಗಳು ನಲುಗಿದ್ದರಿಂದ, 2010ರ ಅಕ್ಟೋಬರಿನಲ್ಲಿ ಆಂಧ್ರ ಸರಕಾರ ಕಿರುಸಾಲ ಕಂಪನಿಗಳ ಮೇಲೆ ಸುಗ್ರೀವಾಜ್ಞೆ ತರಬೇಕಾಯಿತು. ಈಗ ಫೋನಿನಲ್ಲಿಯೇ ಸಾಲ ಕೊಡುವೆವೆಂದು ಕರೆಯುವವರಿದ್ದಾರೆ. ಮುಖ ಕಾಣದವರ ಸಾಲಕ್ಕೆ ಕೈಯೊಡ್ಡುವ ಮೊದಲು ಸಂಘದಲ್ಲಿ, ಮನೆಯ ಹಿರಿಯರಲ್ಲಿ ಒಂದು ಮಾತು ಕೇಳುವುದು ಲೇಸು.

ವಿದ್ಯಾರ್ಥಿಗಳ ಪಾಲು

ವಿದ್ಯಾರ್ಥಿ ಮಿತ್ರರೇ, ಇದೆಲ್ಲ ದೊಡ್ಡವರ ಮಾತು ಎಂದು ಪುಟ ತಿರುಗಿಸಬೇಡಿ. ನಿಮ್ಮಿಂದ ಆಗುವ ಕೆಲಸವೂ ಇದೆ. ಮನೆಯಲ್ಲಿ ಓದು ಬರಹ ಬಲ್ಲವರು ನೀವು. ಒಂದು ನೋಟುಪುಸ್ತಕದಲ್ಲಿ ಎಡಕ್ಕೆ ಆಯ, ಬಲಕ್ಕೆ ವ್ಯಯ ಎಂದು ಗೆರೆ ಎಳೆದು ದಿನವೂ ಸಂಜೆ ಬರೆಯಿರಿ. ತಾಯಿ ಸಂಘಕ್ಕೆ ಕಟ್ಟಿದ ಹಣ, ತಂದೆ ತಂದ ಬೀಜದ ಬೆಲೆ, ಮನೆಗೆ ಬಂದ ಮುಯ್ಯಾಳು, ಮನೆಯಿಂದ ಹೋದ ಮುಯ್ಯಾಳು ಎಲ್ಲವೂ ಅದರಲ್ಲಿರಲಿ. ತರಗತಿಯಲ್ಲಿ ಕಲಿತ ಸರಳ ಬಡ್ಡಿಯ ಲೆಕ್ಕವನ್ನು ಮನೆಯ ಸಾಲಕ್ಕೆ ಒಮ್ಮೆ ಹಾಕಿ ನೋಡಿ. ವರ್ಷದ ಕೊನೆಗೆ ಉಳಿದ ಖಾಲಿ ಹಾಳೆಗಳನ್ನು ಹೊಲಿದರೆ ಒಂದು ಕಚ್ಚಾ ಪುಸ್ತಕವಾಗುತ್ತದೆ. ನಿಮಗೆ ಚಿಕ್ಕದಾದ ಸಮವಸ್ತ್ರ, ಮುಗಿದ ಗೈಡು, ಜ್ಯಾಮಿತಿ ಪೆಟ್ಟಿಗೆ ಕೆಳಗಿನ ತರಗತಿಯವರಿಗೆ ಹೋಗಲಿ. ನಿಮಗೆ ಮೇಲಿನ ತರಗತಿಯವರು ಕೊಟ್ಟದ್ದಕ್ಕೆ ಅದೇ ಮುಯ್ಯಿ.

ಪೋಷಕರಲ್ಲಿಯೂ ನಮ್ಮದೊಂದು ವಿನಂತಿ. ಸುಗ್ಗಿಯ ಹಣ ಕೈಗೆ ಬಂದ ದಿನ ಬೀಜದ ಗಂಟು ಕಟ್ಟುವಾಗ, ಪಕ್ಕದಲ್ಲಿಯೇ ಶಾಲೆಯ ಗಂಟನ್ನೂ ಕಟ್ಟಿರಿ. ಕಷ್ಟದ ವರ್ಷದಲ್ಲಿ ಯಾವ ಖರ್ಚನ್ನಾದರೂ ಮುಂದಕ್ಕೆ ಹಾಕಬಹುದು. ಹತ್ತನೆಯ ತರಗತಿಯ ಹುಡುಗಿಯ ಒಂದು ವರ್ಷವನ್ನು ಮುಂದಕ್ಕೆ ಹಾಕಿದರೆ ಅದು ಮತ್ತೆ ಬರುವುದು ಅಪರೂಪ. ಹಾಗೆ ಓದು ನಿಲ್ಲುವ ಮನೆ ನೆರೆಯಲ್ಲಿ ಕಂಡರೆ, ಬಿತ್ತನೆಗೆ ಎರಡು ಆಳು ಹೆಚ್ಚಿಗೆ ಕಳಿಸಿ ಆ ಹುಡುಗಿಯನ್ನು ಶಾಲೆಗೆ ಬಿಡಿಸಿರಿ. ಮಳೆ ನಮ್ಮ ಕೈಯಲ್ಲಿಲ್ಲ. ಲೆಕ್ಕದ ಪುಸ್ತಕ ನಮ್ಮ ಕೈಯಲ್ಲಿದೆ, ನೆರೆಯವರ ಕೈ ಹತ್ತಿರದಲ್ಲಿದೆ. ಬರದ ಸೀಮೆಯವರು ಇವೆರಡನ್ನು ಬಿಡದೆ ಹಿಡಿದರೆ ವರ್ಷವನ್ನು ದಾಟಬಲ್ಲರು, ಮಕ್ಕಳನ್ನೂ ದಾಟಿಸಬಲ್ಲರು.