ಗಣಿಯೊಳಗಿನ ಸ್ಫೋಟ: ಕಂಪನಕ್ಕೆ ಕಡಿವಾಣ

ರಾಯಚೂರು ಜಿಲ್ಲೆಯ ಹಟ್ಟಿ ಚಿನ್ನದ ಗಣಿಯಂತಹ ಭೂಗತ ಗಣಿಗಳಲ್ಲಿ ಗಟ್ಟಿ ಶಿಲೆಯನ್ನು ಒಡೆಯಲು ಸ್ಫೋಟಕಗಳು ಬೇಕೇ ಬೇಕು. ಬಂಡೆಯಲ್ಲಿ ರಂಧ್ರಗಳನ್ನು ಕೊರೆದು, ಸ್ಫೋಟಕ ತುಂಬಿ ಸಿಡಿಸುತ್ತಾರೆ. ಬಿಡುಗಡೆಯಾಗುವ ಶಕ್ತಿಯಲ್ಲಿ ಒಂದಂಶ ಮಾತ್ರ ಬಂಡೆಯನ್ನು ಒಡೆಯುತ್ತದೆ. ಉಳಿದದ್ದು ಉಷ್ಣ, ಶಬ್ದ ಹಾಗೂ ನೆಲದ ಕಂಪನವಾಗಿ ಹರಡುತ್ತದೆ. ಈ ಕಂಪನದಿಂದ ಸುರಂಗದ ಮೇಲ್ಛಾವಣಿಯ ಬಂಡೆ ಸಡಿಲಗೊಳ್ಳಬಹುದು. ಮೇಲಿರುವ ಊರಿನ ಗೋಡೆಗಳು ಬಿರುಕು ಬಿಡಬಹುದು. ಹಾಗಾದರೆ ಸ್ಫೋಟಕವನ್ನು ಕಡಿಮೆ ಮಾಡದೆ ಕಂಪನವನ್ನು ತಗ್ಗಿಸಲು ಸಾಧ್ಯವೇ?

ಕಂಪನದ ತೀವ್ರತೆಯನ್ನು ನೆಲದ ಕಣಗಳ ಗರಿಷ್ಠ ವೇಗದಿಂದ ಅಳೆಯುತ್ತಾರೆ. ಸ್ಫೋಟದ ಸ್ಥಳದಿಂದ ಇರುವ ದೂರವನ್ನು (ಮೀಟರ್‌ಗಳಲ್ಲಿ) ಸ್ಫೋಟಕದ ತೂಕದ (ಕಿಲೋಗ್ರಾಂಗಳಲ್ಲಿ) ವರ್ಗಮೂಲದಿಂದ ಭಾಗಿಸಿದರೆ ‘ಮಾನಿತ ದೂರ’ ದೊರೆಯುತ್ತದೆ. ಇದು ಹೆಚ್ಚಿದಂತೆ ಕಂಪನ ಕುಗ್ಗುತ್ತದೆ. ಇಲ್ಲಿ ತೂಕವೆಂದರೆ ಒಟ್ಟು ಸ್ಫೋಟಕದ ತೂಕವಲ್ಲ, ಒಂದೇ ಕ್ಷಣದಲ್ಲಿ ಸಿಡಿಯುವ ಸ್ಫೋಟಕದ ತೂಕ.

ಒಂದು ಉದಾಹರಣೆ ನೋಡೋಣ. 100 ಕಿಲೋಗ್ರಾಂ ಸ್ಫೋಟಕ ಒಮ್ಮೆಗೇ ಸಿಡಿದರೆ 100 ಮೀಟರ್ ದೂರದಲ್ಲಿ ಮಾನಿತ ದೂರ 10. ಅದನ್ನೇ ತಲಾ 10 ಕಿಲೋಗ್ರಾಂನ ಹತ್ತು ಕಂತುಗಳಲ್ಲಿ ಸಿಡಿಸಿದರೆ ಮಾನಿತ ದೂರ 31.6 ಆಗುತ್ತದೆ. ಕಂಪನವು ಮಾನಿತ ದೂರದ 1.6ನೆಯ ಘಾತಕ್ಕೆ ವಿಲೋಮವಾಗಿದೆ ಎಂದಿಟ್ಟುಕೊಂಡರೆ, ಅದು ಆರರಲ್ಲಿ ಒಂದು ಪಾಲಿಗಿಂತ ತುಸು ಕಡಿಮೆಯಾಗುತ್ತದೆ!

ಈ ಕೆಲಸ ಮಾಡುವುದು ವಿಳಂಬ ಡಿಟೋನೇಟರ್‌ಗಳು. ಎರಡು ಕಂತುಗಳ ನಡುವೆ ಕನಿಷ್ಠ 8 ಮಿಲಿಸೆಕೆಂಡ್ ಅಂತರವಿದ್ದರೆ ಅವನ್ನು ಪ್ರತ್ಯೇಕ ಸ್ಫೋಟಗಳೆಂದು ಲೆಕ್ಕಿಸುವುದು ರೂಢಿ. ಸುರಂಗದಲ್ಲಿ ಇನ್ನೂ ಹೆಚ್ಚಿನ ವಿಳಂಬ ಬೇಕು. ಮೊದಲು ನಡುವಿನ ರಂಧ್ರಗಳು ಸಿಡಿದು ಪೊಳ್ಳಾಗಬೇಕು. ಸುತ್ತಲಿನ ಬಂಡೆ ಆ ಪೊಳ್ಳಿನತ್ತ ಒಡೆದು ಬೀಳಬೇಕು. ಜಾಗವಿಲ್ಲದಿದ್ದರೆ ಹೆಚ್ಚು ಶಕ್ತಿ ಕಂಪನವಾಗುತ್ತದೆ. ಅಂಚಿನ ರಂಧ್ರಗಳನ್ನು ಹತ್ತಿರ ಹತ್ತಿರ ಕೊರೆದು, ಕಡಿಮೆ ಸ್ಫೋಟಕ ತುಂಬಿ ಕೊನೆಗೆ ಸಿಡಿಸುವುದರಿಂದ ಉಳಿಯುವ ಗೋಡೆ ಹಾಗೂ ಛಾವಣಿ ಭದ್ರವಾಗಿರುತ್ತವೆ.

ಕಂಪನದ ಆವೃತ್ತಿಯೂ ಮುಖ್ಯ. ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ 1997ರ ಮಾರ್ಗಸೂಚಿಯಂತೆ ಊರಿನ ವಾಸದ ಮನೆಗಳಿಗೆ 8 ಹರ್ಟ್ಸ್‌ಗಿಂತ ಕಡಿಮೆ ಆವೃತ್ತಿಯಲ್ಲಿ ಮಿತಿ ಸೆಕೆಂಡಿಗೆ 5 ಮಿಲಿಮೀಟರ್. 25 ಹರ್ಟ್ಸ್‌ಗಿಂತ ಮೇಲೆ 15 ಮಿಲಿಮೀಟರ್. ಸಣ್ಣ ಮನೆಗಳ ಸಹಜ ಆವೃತ್ತಿಯೂ ಕಡಿಮೆಯೇ ಆದ್ದರಿಂದ, ಅನುರಣನೆ ಉಂಟಾಗಿ ಓಲಾಟ ಹೆಚ್ಚುವ ಅಪಾಯವಿದೆ.

ಕಂಪನ ಅಡಗಿದರೂ ವಿಷಾನಿಲಗಳು ಉಳಿದಿರುತ್ತವೆ. ನೈಟ್ರೋಜನ್ ಡೈಆಕ್ಸೈಡ್‌ಗೆ ಕಂದು ಬಣ್ಣವೂ ಘಾಟೂ ಇವೆ. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಆದ್ದರಿಂದ ಹೊಗೆ ಕಾಣದಿದ್ದ ಮಾತ್ರಕ್ಕೆ ಒಳಗೆ ಹೋಗುವಂತಿಲ್ಲ. ಗಾಳಿಯಾಡಿಸಿ, ಅನಿಲಗಳನ್ನು ಅಳೆದು, ಸಿಡಿಯದ ಸ್ಫೋಟಕವನ್ನೂ ಸಡಿಲ ಬಂಡೆಯನ್ನೂ ಪರೀಕ್ಷಿಸಿದ ಬಳಿಕವೇ ಕಾರ್ಮಿಕರಿಗೆ ಪ್ರವೇಶ.

ಮೇಲೆ ಬಳಸಿದ 1.6 ಎಂಬ ಘಾತ ಎಲ್ಲ ಶಿಲೆಗಳಿಗೂ ಒಂದೇ ಅಲ್ಲ. ಪ್ರತಿ ಗಣಿಯಲ್ಲೂ ಕಂಪನಮಾಪಕವನ್ನಿಟ್ಟು, ಅಲ್ಲಿನ ಅಳತೆಗಳಿಂದಲೇ ಅದನ್ನು ಕಂಡುಕೊಳ್ಳಬೇಕು.